ಸಾಧಾರಣ ಕಪ್ಪೆ, ಸರ್

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಕಾಲೇಜಿನ ಹಳೆ ವಿದ್ಯಾರ್ಥಿಗಳ ವಾಟ್ಸ್ಯಾಪ್ ಗುಂಪಿನಲ್ಲಿ. ಯಾರೋ ಒಂದು ಪಾಸ್‌ಪೋರ್ಟ್ ಫೋಟೊ ಹಾಕಿ, ಕೆಳಗೆ ಹೆಸರು ಬರೆದು, ಕೈ ಮುಗಿಯುವ ಚಿಹ್ನೆ ಇಟ್ಟಿದ್ದರು. ಅರ್ಧ ಗಂಟೆಯೊಳಗೆ ನಲವತ್ತು ಮಂದಿ ಕೈ ಮುಗಿದರು. ನಲವತ್ತೊಂದನೆಯವನು ಕೇಳಿದ: “ಸರ್ ಯಾವ ಸಬ್ಜೆಕ್ಟ್ ತೆಗೆದುಕೊಳ್ಳುತ್ತಿದ್ದರು?”

ಯಾರೂ ಉತ್ತರಿಸಲಿಲ್ಲ. ಕೈ ಮುಗಿದವರಲ್ಲಿ ಎಷ್ಟು ಜನಕ್ಕೆ ಆ ಮುಖದ ಗುರುತು ಸಿಕ್ಕಿತ್ತು ಎಂಬುದು ನನಗೆ ಈಗಲೂ ಸಂಶಯವೇ. ಅವರನ್ನು ದೂರುವ ಹಾಗೂ ಇಲ್ಲ. ಆ ಹೆಸರನ್ನು ಪೂರ್ತಿಯಾಗಿ ನಾನೂ ಓದಿದ್ದು ಅವತ್ತೇ ಮೊದಲು. ನಮಗೆಲ್ಲ ಅವರು ಝೂವಾಲಜಿ ಲ್ಯಾಬಿನ ಅಣ್ಣ. ಕಾಲೇಜಿನ ಕಡತದಲ್ಲಿ ಅಟೆಂಡರ್. ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ಲ್ಯಾಬಿನ ಜಾಡಿಗಳಿಗೆ ಚೀಟಿ ಅಂಟಿಸುತ್ತ ಅವರೇ ಒಮ್ಮೆ ಹೇಳಿದ್ದರು: “ಚೀಟಿ ಅಂಟಿಸಿದ ಮೇಲೆ ಜನ ಚೀಟಿ ಓದಿ ಹೋಗ್ತಾರೆ. ಒಳಗೆ ಎಂತ ಉಂಟು ಅಂತ ನೋಡುದಿಲ್ಲ.”

ಯಾವ ಸಬ್ಜೆಕ್ಟ್ ಎಂಬ ಪ್ರಶ್ನೆಗೆ ಗುಂಪಿನಲ್ಲಿ ಉತ್ತರ ಟೈಪು ಮಾಡಹೋಗಿ ಮೂರು ಸಲ ಅಳಿಸಿದೆ. ಅದು ಅಲ್ಲಿ ಹಿಡಿಸುವ ಉತ್ತರವಾಗಿರಲಿಲ್ಲ.

ನಾನು ಝೂವಾಲಜಿಯವಳಲ್ಲ. ಪುತ್ತೂರಿನ ಆ ಕಾಲೇಜಿಗೆ ಬಿ.ಎ.ಗೆ ಸೇರಿದವಳು, ಅದಕ್ಕಿಂತ ಮುಖ್ಯವಾಗಿ ಚರ್ಚಾಸ್ಪರ್ಧೆಯವಳು. ಹೈಸ್ಕೂಲಿನಿಂದಲೇ ಬಹುಮಾನ ಹೊತ್ತುಕೊಂಡು ಬಂದವಳಿಗೆ ಗಾಳಿಯೇ ವಿಷಯವಾದರೂ ಪರ ಮೂರು ನಿಮಿಷ, ವಿರೋಧ ಮೂರು ನಿಮಿಷ ಮಾತಾಡುವ ಧೈರ್ಯವಿತ್ತು. ಮೊದಲ ವರ್ಷದಲ್ಲಿ ವಿಷಯ ಬಂದದ್ದು ‘ಕಾಲೇಜುಗಳಲ್ಲಿ ಪ್ರಾಣಿ ಛೇದನ ನಿಲ್ಲಬೇಕು’ ಎಂದು. ಚೀಟಿಯಲ್ಲಿ ನನಗೆ ಪರ ಬಂತು. ವಿರೋಧ ಬಂದಿದ್ದರೆ ಅದನ್ನೂ ಅಷ್ಟೇ ಆವೇಶದಿಂದ ಮಾತಾಡುತ್ತಿದ್ದೆ. ತರಬೇತಿ ಎಂದರೆ ಅದೇ.

“ಮೇಣದ ಟ್ರೇಯ ಮೇಲೆ ಮೊಳೆ ಹೊಡೆಸಿಕೊಂಡು ಮಲಗಿದ ಆ ಕಪ್ಪೆಯ ಕೈಯನ್ನು ಒಮ್ಮೆ ನೋಡಿ. ನಮ್ಮಂತೆಯೇ ಐದು ಬೆರಳುಗಳ ಆ ಪುಟ್ಟ ಕೈ ಯಾರನ್ನು ಬೇಡುತ್ತಿದೆ?” ಎಂದು ಕೇಳಿ ಎರಡು ಸೆಕೆಂಡು ಸುಮ್ಮನಾದೆ. ಅಲ್ಲಿ ಸುಮ್ಮನಾಗಬೇಕೆಂದು ಮೊದಲೇ ಗುರುತು ಹಾಕಿಕೊಂಡಿದ್ದೆ. ಚಪ್ಪಾಳೆ ಬಿತ್ತು, ಪ್ರಥಮ ಬಹುಮಾನವೂ ಬಂತು.

ವೇದಿಕೆಯ ಮೂಲೆಯಲ್ಲಿ ಕುಳಿತು ಸಮಯದ ಗಂಟೆ ಬಾರಿಸುತ್ತಿದ್ದವರು ಈ ಲ್ಯಾಬಿನ ಅಣ್ಣ. ಪ್ರತಿ ವರ್ಷ ಆ ಕೆಲಸ ಅವರದೇ. ಎಲ್ಲರೂ ಹೊರಟ ಮೇಲೆ ಗಂಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಹತ್ತಿರ ಬಂದರು. ಸಪೂರ ಮನುಷ್ಯ, ಖಾಕಿ ಅಂಗಿ, ಕಿಸೆಯಲ್ಲಿ ಹಿಡಿ ಮುರಿದ ಭೂತಗನ್ನಡಿ.

“ವಕೀಲಮ್ಮ, ಒಂದು ವಿಷಯ ಕೇಳ್ಬಹುದಾ?”

“ಕೇಳಿ ಅಣ್ಣ.”

“ಕಪ್ಪೆಯ ಕೈಯಲ್ಲಿ ಐದು ಬೆರಳು ಅಂದ್ರಲ್ಲ. ನೋಡಿದ್ದಾ, ಅಂದಾಜಾ?”

“ಅದು ಎಲ್ಲರಿಗೂ ಗೊತ್ತಿರುವುದೇ ಅಲ್ವಾ?”

“ಎಲ್ಲರಿಗೂ ಅಂದ್ರೆ ಅದು ಕೇಳಿದ್ದು. ನೋಡಿದ್ದಲ್ಲ.”

ಕರೆದುಕೊಂಡು ಹೋಗಿ ಲ್ಯಾಬಿನ ಬಾಗಿಲು ತೆರೆದು ಒಂದು ಜಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಎಣಿಸಿದೆ. ನಾಲ್ಕು. ಇನ್ನೊಂದು ಕೈ ಎಣಿಸಿದೆ. ಅದೂ ನಾಲ್ಕು.

“ಹಿಂದಿನ ಕಾಲಲ್ಲಿ ಐದು ಉಂಟು. ಮುಂದಿನದ್ದರಲ್ಲಿ ನಾಲ್ಕೇ. ಇವತ್ತು ನಿಮಗೆ ಬಹುಮಾನ ಸಿಕ್ಕಿತು, ಕಪ್ಪೆಗೆ ಎರಡು ಬೆರಳು ಪುಕ್ಕಟೆ ಸಿಕ್ಕಿತು.”

ನನಗೆ ಸಿಟ್ಟು ಬಂತು. ವಾದದ ತಿರುಳಿಗೂ ಬೆರಳಿಗೂ ಏನು ಸಂಬಂಧ ಎಂದು ಕೇಳಿದೆ. “ಸಂಬಂಧ ಇಲ್ಲ,” ಎಂದರು ಜಾಡಿಯನ್ನು ಒರೆಸಿ ಇಡುತ್ತ. “ಕಪ್ಪೆಯ ಪರ ಮಾತಾಡುವವರಿಗೆ ಕಪ್ಪೆಯ ಪರಿಚಯ ಇದ್ರೆ ಒಳ್ಳೆದು ಅಂತ, ಅಷ್ಟೆ.”

ಅದೇ ವರ್ಷ ಮೇಲಿನಿಂದ ಆದೇಶ ಬಂದು ಕಾಲೇಜಿನಲ್ಲಿ ಕಪ್ಪೆ ಕೊಯ್ಯುವುದು ನಿಂತಿತು. “ನಿಮ್ಮ ಭಾಷಣ ದಿಲ್ಲಿವರೆಗೆ ಕೇಳಿದೆ ಕಾಣ್ತದೆ ವಕೀಲಮ್ಮ,” ಎಂದು ನಕ್ಕರು. ಇಪ್ಪತ್ತಕ್ಕೂ ಹೆಚ್ಚು ಮಳೆಗಾಲ ಗದ್ದೆಗಳಿಂದ ಕಪ್ಪೆ ಹಿಡಿದು ತಂದವರು ಅವರು. ಲ್ಯಾಬಿನ ಹಿಂದಿನ ಜಗಲಿಯಲ್ಲಿ ಸಿಮೆಂಟಿನ ಒಂದು ತೊಟ್ಟಿ ಇತ್ತು. ತಂದವನ್ನು ಅದರಲ್ಲಿ ಬಿಟ್ಟು, ಪ್ರಾಕ್ಟಿಕಲ್ ದಿನ ಒಂದೊಂದಾಗಿ ತೆಗೆದು ಮದ್ದು ಕೊಟ್ಟು ಮಲಗಿಸುತ್ತಿದ್ದರು. ಇದನ್ನು ಅವರು ಮುಚ್ಚಿಟ್ಟವರಲ್ಲ. ಬೇಜಾರಿಲ್ಲವೇ ಎಂದು ಒಬ್ಬ ಹುಡುಗ ಕೇಳಿದ್ದಕ್ಕೆ, “ಬೇಜಾರು ಉಂಟು. ಆದ್ರೆ ನನ್ನ ಬೇಜಾರನ್ನು ಕಟ್ಟಿಕೊಂಡು ಕಪ್ಪೆಗೆ ಎಂತ ಆಗ್ಲಿಕ್ಕುಂಟು?” ಎಂದಿದ್ದರು.

ನಾನು ಆ ಲ್ಯಾಬಿಗೆ ಹೋಗಿ ಕೂರಲು ಶುರುಮಾಡಿದ್ದು ಅವರನ್ನು ಒಮ್ಮೆಯಾದರೂ ವಾದದಲ್ಲಿ ಸೋಲಿಸಲಿಕ್ಕೆ. ಕಾರಣ ಅಷ್ಟೇ ಸಣ್ಣದು.

ಅವರ ಊರು ಕೊಲ್ಲಮೊಗ್ರು. ಮನೆಯಲ್ಲಿ ಅರೆಭಾಷೆ, ಲ್ಯಾಬಿನಲ್ಲಿ ಕನ್ನಡ, ಬಸ್ಸಿನಲ್ಲಿ ತುಳು. ವಾರವಿಡೀ ಪುತ್ತೂರಿನ ದರ್ಬೆಯ ಒಂದು ಕೋಣೆಯಲ್ಲಿದ್ದು ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗುತ್ತಿದ್ದರು. ಕಾಡಿನಂಚಿನ ಊರೆಂದು ಹುಡುಗರೆಲ್ಲ ಆನೆಯ ಕಥೆ ಕೇಳುತ್ತಿದ್ದರು. ಅವರಿಗೆ ಅದರಲ್ಲಿ ಎಳ್ಳಷ್ಟೂ ಆಸಕ್ತಿ ಇರಲಿಲ್ಲ. “ಆನೆ ನೋಡ್ಲಿಕ್ಕೆ ಎಂತ ಕಣ್ಣು ಬೇಕು ಮಾರಾಯ? ಅದು ಬಂದ್ರೆ ಕುರುಡನಿಗೂ ಗೊತ್ತಾಗ್ತದೆ. ಆ ಸ್ವಿಚ್ ಬೋರ್ಡಿನ ತೂತಿಗೆ ಕಣಜ ಮಣ್ಣು ಮೆತ್ತುದನ್ನು ನೋಡಿದ್ದೀಯಾ? ಇಲ್ಲ. ಮತ್ತೆ ಆನೆ ಆನೆ ಅಂತ ಬೊಬ್ಬೆ.”

ಬಾಗಿಲು ಹಾಕುವಾಗ ಅವರಿಗೊಂದು ಕ್ರಮವಿತ್ತು. ಮಳೆಗಾಲದಲ್ಲಿ ಬಾಗಿಲ ಸಂದಿಯಲ್ಲಿ, ಕೀಲಿನ ಬದಿಗೆ, ಮರಗಪ್ಪೆಗಳು ಹೊಕ್ಕು ಕೂರುತ್ತವೆ, ಹಲ್ಲಿಗಳೂ ಕೂರುತ್ತವೆ. ನಾವು ದಡಾರೆಂದು ಬಾಗಿಲು ಎಳೆಯುತ್ತೇವೆ. ಅವರು ಎಷ್ಟೇ ಅವಸರವಿದ್ದರೂ ಸಂದಿಗೆ ಕಣ್ಣಿಟ್ಟು, ಮೇಲಿನಿಂದ ಕೆಳಕ್ಕೆ ಒಂದು ಬೆರಳು ಆಡಿಸಿ ಆಮೇಲೆ ಬಾಗಿಲು ಹಾಕುತ್ತಿದ್ದರು. ನಿವೃತ್ತಿಯ ದಿನ ಶಾಲು ಹೊದೆಸಿ ಎರಡು ಮಾತು ಹೇಳಿ ಎಂದು ಮೈಕಿನ ಮುಂದೆ ನಿಲ್ಲಿಸಿದಾಗ ಅವರು ಹೇಳಿದ್ದು, “ಬಾಗಿಲು ಹಾಕುವಾಗ ಸಂದಿ ನೋಡಿ. ನಮಸ್ಕಾರ.” ಸಭೆ ಇದನ್ನು ಏನೋ ಒಂದು ತತ್ತ್ವವೆಂದು ತಿಳಿದು ಜೋರಾಗಿ ಚಪ್ಪಾಳೆ ತಟ್ಟಿತು. ಅದು ಬಾಗಿಲಿನ ಮಾತು.

ನಾನು ನನ್ನನ್ನೇ ದೊಡ್ಡ ಸಂದೇಹವಾದಿ ಎಂದುಕೊಂಡಿದ್ದೆ. ದೇವರು, ಜಾತಕ, ರಾಹುಕಾಲ ಎಲ್ಲವನ್ನೂ ಬೈದು ಮುಗಿಸಿದ್ದೆ. ಆದರೆ ಅವರೆದುರು ನನ್ನದು ಬರಿಯ ಬಾಯಿ. ಮರಗಪ್ಪೆ ಮುಖಕ್ಕೆ ಹಾರಿದರೆ ಕಣ್ಣು ಹೋಗುತ್ತದೆಂದು ನನ್ನ ಗೆಳತಿಯೊಬ್ಬಳು ಅಂದಾಗ, ನಾನು “ಮೂಢನಂಬಿಕೆ” ಎಂದು ಒಂದೇ ಶಬ್ದದಲ್ಲಿ ತೀರ್ಪು ಕೊಟ್ಟೆ. ಅವರು ಮಾತ್ರ ಅವಳನ್ನು ಕೇಳಿದರು: “ನೋಡಿದ್ದಾ, ಕೇಳಿದ್ದಾ, ಅಂದಾಜಾ?”

“ಅಜ್ಜಿ ಹೇಳಿದ್ದು.”

“ಅಜ್ಜಿಯ ಕಣ್ಣು ಹೋಗಿದೆಯಾ?”

“ಇಲ್ಲ. ಅವರಿಗೂ ಯಾರೋ ಹೇಳಿದ್ದು.”

ಅವರು ಕಿಟಕಿಯ ಮೇಲೆ ಅಂಟಿ ಕೂತಿದ್ದ ಕಪ್ಪೆಯೊಂದನ್ನು ಮೆಲ್ಲ ತೆಗೆದು ತಮ್ಮ ಕನ್ನಡಕದ ಮೇಲೆ ಕೂರಿಸಿಕೊಂಡು, ಸೊಂಟಕ್ಕೆ ಕೈಕೊಟ್ಟು ನಿಂತರು. ಕಪ್ಪೆ ಕದಲಲಿಲ್ಲ. “ನಾಳೆ ಬೆಳಿಗ್ಗೆ ಬಂದು ನನ್ನ ಕಣ್ಣು ಪರೀಕ್ಷೆ ಮಾಡಿ,” ಎಂದರು. ಅವಳು ನಿಜಕ್ಕೂ ಮಾರನೆಯ ದಿನ ಬಂದು ಅವರಿಗೆ ಪೇಪರು ಓದಿಸಿದಳು. ನನಗೆ ಗೊತ್ತಾದದ್ದು ಅವತ್ತು: ನಾನು ಅಲ್ಲಗಳೆದದ್ದೂ ಕೇಳಿದ ಮಾತಿನಿಂದಲೇ, ಅವಳು ನಂಬಿದ್ದೂ ಕೇಳಿದ ಮಾತಿನಿಂದಲೇ. ಇಬ್ಬರೂ ಕಪ್ಪೆಯನ್ನು ಮುಟ್ಟಿರಲಿಲ್ಲ.

ಎರಡನೆಯ ವರ್ಷದ ಜೂನ್. ಮೊದಲ ದೊಡ್ಡ ಮಳೆ ಬಂದ ಮಾರನೆಯ ಮಧ್ಯಾಹ್ನ ನಮ್ಮ ಐದು ಮಂದಿಯನ್ನು ಬಸ್ಸಿನಲ್ಲಿ ಹತ್ತಿರದ ಸವಣೂರಿಗೆ ಕರೆದುಕೊಂಡು ಹೋದರು. ಅವರು ವರ್ಷ ವರ್ಷ ಕಪ್ಪೆ ಹಿಡಿಯುತ್ತಿದ್ದ ಗದ್ದೆ ಅದು. ಕೊಯ್ಯುವುದು ನಿಂತ ಮೇಲೂ ಅವರು ಹೋಗುವುದು ನಿಂತಿರಲಿಲ್ಲ. ಗೋಣಿಚೀಲ ಮಾತ್ರ ಇರಲಿಲ್ಲ.

ಗದ್ದೆಯ ಬದುವಿನಲ್ಲಿ ನಿಂತು ನೋಡಿದೆ. ಕೆಸರು ನೀರಿನಲ್ಲಿ ಅಲ್ಲಲ್ಲಿ ನಿಂಬೆಹಣ್ಣಿನ ಹಳದಿ. ಯಾರೋ ಎಸೆದ ಪ್ಲಾಸ್ಟಿಕ್ ಆಟಿಕೆಯೇ ಎನ್ನಬೇಕು, ಅಷ್ಟು ಹಳದಿ. ಅಷ್ಟರಲ್ಲಿ ಒಂದು ಆಟಿಕೆ ಕೂಗಿತು. ಕೂಗುವಾಗ ಅದರ ಕೆನ್ನೆಯ ಎರಡೂ ಬದಿಗೆ ನೀಲಿ ಬಣ್ಣದ ಚೀಲ ಉಬ್ಬಿ ಇಳಿಯಿತು. ನೀಲಿ ಎಂದರೆ ಶಾಯಿಯ ನೀಲಿ.

“ಇದಕ್ಕೆ ಯಾರಾದರೂ ಬಣ್ಣ ಬಳಿದದ್ದಾ?” ಎಂದು ಕೇಳಿಬಿಟ್ಟೆ.

“ಗೋಂಕರು ಕಪ್ಪೆ. ಗಂಡು. ಕೂಗುದು ಗಂಡು ಮಾತ್ರ. ವರ್ಷವಿಡೀ ಮಣ್ಣಿನ ಬಣ್ಣ. ಮೊದಲ ಮಳೆಗೆ ಮಾತ್ರ ಮದುಮಗ ಆಗ್ತದೆ. ಒಂದೆರಡು ದಿನ, ಮತ್ತೆ ಪುನಃ ಮಣ್ಣು.” ಆಮೇಲೆ ತಾವಾಗಿಯೇ ಹೇಳಿದರು. “ನಾನು ಹಿಡಿಯುವಾಗಲೂ ಒಂದು ನಿಯಮ ಇಟ್ಟುಕೊಂಡಿದ್ದೆ. ಕೂಗುವವನನ್ನು ಮುಟ್ಟುದಿಲ್ಲ. ಅಷ್ಟು ಖುಷಿಯಲ್ಲಿ ಕೂಗುವಾಗ ಹಿಡಿದು ಚೀಲಕ್ಕೆ ಹಾಕುದು ಹೇಗೆ? ಸುಮ್ಮನೆ ಕೂತದ್ದನ್ನು ಮಾತ್ರ ಹಿಡಿಯುದು.”

ಒಂದು ವರ್ಷದಿಂದ ಕಾಯುತ್ತಿದ್ದ ಸಂದು ನನಗೆ ಸಿಕ್ಕಿತು.

“ಕೂಗುವುದು ಗಂಡು ಮಾತ್ರ ಅಂದಿರಲ್ಲ ಅಣ್ಣ?”

“ಹೌದು.”

“ಹಾಗಾದರೆ ಸುಮ್ಮನೆ ಕೂತದ್ದು ಹೆಣ್ಣು. ಮೊಟ್ಟೆ ಇಡಲು ಬಂದದ್ದು. ನಿಮ್ಮ ದಯೆಯಿಂದ ಗಂಡು ಉಳಿಯಿತು, ಹೆಣ್ಣುಗಳೆಲ್ಲ ಚೀಲಕ್ಕೆ ಹೋದವು. ಸಿಕ್ಕಿದ್ದನ್ನು ಹಿಡಿದಿದ್ದರೆ ಇದಕ್ಕಿಂತ ಕಡಿಮೆ ಹಾನಿಯಾಗುತ್ತಿತ್ತು.”

ಜೊತೆಗಿದ್ದವರು “ಓಹೋ” ಎಂದರು. ನನಗೆ ಚಪ್ಪಾಳೆ ಬಿದ್ದಷ್ಟೇ ಸಂತೋಷ. ಅವರು ಗದ್ದೆಯ ಕಡೆ ನೋಡುತ್ತ ನಿಂತರು. ವಾಪಸು ಬಸ್ಸಿನಲ್ಲಿ ಪುತ್ತೂರು ಬರುವವರೆಗೂ ಕಿಟಕಿಗೆ ಮುಖ ಮಾಡಿ ಕೂತರು.

ಮಾರನೆಯ ದಿನ ಲ್ಯಾಬಿಗೆ ಹೋದಾಗ ಬೀಕರು ತೊಳೆಯುತ್ತಿದ್ದರು. ತಿರುಗದೆ ಹೇಳಿದರು. “ನೀವು ಹೇಳಿದ್ದು ಸರಿ ವಕೀಲಮ್ಮ. ಕೊಯ್ಯುವಾಗ ಹೊಟ್ಟೆ ತುಂಬ ಮೊಟ್ಟೆ ಇರ್ತಿತ್ತು. ನಾನೇ ತೆಗೆದು ಬಿಸಾಡಿದ್ದೇನೆ, ಬಾಲ್ದಿ ಬಾಲ್ದಿ. ಕೂಗುದು ಗಂಡು ಅಂತಲೂ ಗೊತ್ತಿತ್ತು. ಎರಡೂ ನೋಡಿದ್ದೇ. ಒಟ್ಟಿಗೆ ಇಟ್ಟು ನೋಡ್ಲಿಲ್ಲ.”

ಗೆದ್ದಿದ್ದೆ. ಆ ಗೆಲುವನ್ನು ಎಲ್ಲಿ ಇಡುವುದೆಂದು ಗೊತ್ತಾಗಲಿಲ್ಲ. ತೀರ್ಪುಗಾರರ ಮುಂದೆ ಸೋತವರು ಕೈಕುಲುಕಿ ಹೋಗುತ್ತಾರೆ. ಹೀಗೆ ಸೋಲನ್ನು ಮನೆಗೆ ಕೊಂಡುಹೋಗಿ, ತಿರುವಿ ನೋಡಿ, ಸರಿಯೆಂದು ವಾಪಸು ತಂದುಕೊಟ್ಟವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮುಂದಿನ ಮಳೆಗಾಲಕ್ಕೆ ನಾನು ಕೊನೆಯ ವರ್ಷ. ಅವರಿಗೆ ನಿವೃತ್ತಿಗೆ ಕೆಲವೇ ತಿಂಗಳು. ಒಂದು ಸೋಮವಾರ ಬೆಳಿಗ್ಗೆ ನನ್ನನ್ನು ಹಿಂದಿನ ಜಗಲಿಗೆ ಕರೆದರು. ಹಳೆಯ ಕಪ್ಪೆ ತೊಟ್ಟಿಯಲ್ಲಿ ಗಾಜಿನ ಸಾಮಾನು ತೊಳೆಯುವ ನೀರು ನಿಂತಿರುತ್ತಿತ್ತು. ಅದರ ಮೇಲಿನ ಗೋಡೆಯಲ್ಲಿ, ಎದೆಯೆತ್ತರಕ್ಕೆ, ಮುಷ್ಟಿ ಗಾತ್ರದ ಬಿಳಿ ನೊರೆ ಅಂಟಿಕೊಂಡಿತ್ತು.

“ಸೋಪಿನ ನೊರೆ,” ಎಂದೆ.

“ಅಂದಾಜಾ?”

ನಾನು ಬಾಯಿ ಮುಚ್ಚಿ ನೋಡಿದೆ. ನೊರೆಯ ಮೇಲ್ಪದರ ಒಣಗಿ ಹಪ್ಪಳದ ಹಾಗಾಗಿತ್ತು. ಮರಗಪ್ಪೆಯ ಗೂಡು, ಎಂದರು. ನೀರಿನ ಮೇಲೆ ಎಲ್ಲಿಯಾದರೂ ಅಂಟಿಕೊಂಡು, ಹಿಂಗಾಲಿನಿಂದ ಮೊಟ್ಟೆಯ ಸುತ್ತ ನೊರೆ ಕಡೆಯುತ್ತದೆ. ಮಜ್ಜಿಗೆ ಕಡೆದ ಹಾಗೆ. ಒಳಗೆ ಮೊಟ್ಟೆ ಒಡೆದು ಮರಿಗಳು ನಾಲ್ಕೈದು ದಿನ ನೊರೆಯಲ್ಲೇ ಇದ್ದು, ಗೂಡು ಅಡಿಯಿಂದ ಕರಗಿದಾಗ ಒಂದೊಂದೇ ನೀರಿಗೆ ಉದುರುತ್ತವೆ. “ಉದುರಿದ ಮೇಲೆ ಮರಿ ಕಂಡದ್ದುಂಟು. ಉದುರುದನ್ನು ಒಮ್ಮೆಯೂ ನೋಡ್ಲಿಲ್ಲ. ಅದು ಇನ್ನೂ ನನ್ನ ಅಂದಾಜೇ.”

ತೊಟ್ಟಿಯ ಅಂಚನ್ನು ಹಿಡಿದು ನಿಂತಿದ್ದರು. ಆ ತೊಟ್ಟಿಯಿಂದ ಅವರು ಇಷ್ಟು ವರ್ಷ ಏನನ್ನು ಎತ್ತಿದ್ದರೆಂದು ನನಗೆ ಗೊತ್ತಿತ್ತು. ಸವಣೂರಿನ ಬದುವಿನಲ್ಲಿ ನಾನಾಡಿದ್ದೂ ನೆನಪಿತ್ತು. 

ಕಷ್ಟ ಬಂದದ್ದು ಅದೇ ಮಧ್ಯಾಹ್ನ. ಶುಕ್ರವಾರ ಹೊರಗಿನಿಂದ ಪರಿಶೀಲನೆಗೆ ಸಮಿತಿ ಬರುವುದಿತ್ತು. ಲ್ಯಾಬಿನ ಹಿಂದಿನ ಗೋಡೆಗೆ ಗುರುವಾರ ಪೈಂಟು, ತೊಟ್ಟಿಗೆ ಮಣ್ಣು ತುಂಬಿಸಿ ಕ್ರೋಟನ್ ಗಿಡ ಎಂದು ಪ್ರಿನ್ಸಿಪಾಲರ ಆದೇಶವಾಯಿತು. ಅವರು ಕಾಮರ್ಸಿನವರು, ಕ್ರೋಟನ್ ಎಂದರೆ ಪ್ರಾಣ.

“ನಾನು ಮಾತಾಡ್ತೇನೆ ಅಣ್ಣ,” ಎಂದು ಹೊರಟೆ. ಇಷ್ಟು ವರ್ಷದ ತರಬೇತಿ ಮತ್ತೆ ಯಾವುದಕ್ಕೆ?

ಪ್ರಿನ್ಸಿಪಾಲರ ಕೋಣೆಯಲ್ಲಿ ಎರಡೇ ನಿಮಿಷ ತೆಗೆದುಕೊಂಡೆ. “ಸರ್, ಅದು ಮಾಮೂಲಿ ಕಪ್ಪೆಯಲ್ಲ. ಘಟ್ಟದ ಕಾಡಿನಲ್ಲಿ ಮಾತ್ರ ಇರುವ, ಅಳಿವಿನ ಅಂಚಿನಲ್ಲಿರುವ ಅಪರೂಪದ ಜಾತಿ. ನಮ್ಮ ಕಾಲೇಜನ್ನು ಹುಡುಕಿಕೊಂಡು ಬಂದಿದೆ. ಸಮಿತಿಯವರು ಇದನ್ನು ನೋಡಿದರೆ ಗೋಡೆಯ ಬಣ್ಣ ಯಾರಿಗೆ ಬೇಕು?”

“ಹೌದಾ? ನಮ್ಮಲ್ಲಿ?” ಪ್ರಿನ್ಸಿಪಾಲರು ಎದ್ದೇ ನಿಂತರು. “ಹಾಗಾದ್ರೆ ಒಂದು ಬೋರ್ಡು ಹಾಕುವ. ಪೈಂಟು ಕ್ಯಾನ್ಸಲ್.”

ಓಡಿಬಂದು ಲ್ಯಾಬಿನಲ್ಲಿ ಸುದ್ದಿ ಹೇಳಿದೆ. ಅವರ ಮುಖದಲ್ಲಿ ನಾನು ಕಾದಿದ್ದ ನಗು ಬರಲಿಲ್ಲ.

“ಅಪರೂಪದ ಜಾತಿ ಅಂದ್ರಾ? ಇದು ನನ್ನ ಕೋಣೆಯ ಬಚ್ಚಲಲ್ಲಿ ಉಂಟು. ನಿಮ್ಮ ಹಾಸ್ಟೆಲಲ್ಲಿ ಉಂಟು. ಪ್ರಿನ್ಸಿಪಾಲರ ಮನೆಯಲ್ಲೂ ಇರ್ತದೆ.”

“ಇರಲಿ. ಗೂಡು ಉಳಿಯಿತಲ್ಲ? ನಿಮಗೆ ಬೇಕಾದ್ದು ಅದೇ ತಾನೆ?”

ಅವರು ಒರೆಸುವ ಬಟ್ಟೆಯನ್ನು ಮಡಚಿ ಮೇಜಿನ ಮೇಲಿಟ್ಟರು. “ಅಪರೂಪ ಅಂತ ಹೇಳಿ ಉಳಿಸಿದ್ರಿ. ಹಾಗಾದ್ರೆ ಅಪರೂಪ ಅಲ್ಲದ್ದನ್ನು ಒರೆಸಿ ಬಿಸಾಡ್ಬಹುದು ಅಂತ ನೀವೇ ಒಪ್ಪಿದ ಹಾಗಾಯ್ತಲ್ಲ ವಕೀಲಮ್ಮ? ನಾನು ಇಷ್ಟು ವರ್ಷ ಚೀಲದಲ್ಲಿ ತಂದದ್ದೆಲ್ಲ ಸಾಧಾರಣ ಕಪ್ಪೆಯೇ.”

ಸ್ಪರ್ಧೆಯಲ್ಲಿ ಖಂಡನೆಗೆ ನಮಗೆ ಒಂದು ನಿಮಿಷ ಕೊಡುತ್ತಾರೆ. ಆ ಮಾತಿಗೆ ಉತ್ತರ ಹುಡುಕಲು ನಾನು ಈಗ ಎಷ್ಟೋ ವರ್ಷ ತೆಗೆದುಕೊಂಡಿದ್ದೇನೆ. ಸಿಕ್ಕಿಲ್ಲ.

ಅವರು ಸೀದಾ ಪ್ರಿನ್ಸಿಪಾಲರ ಕೋಣೆಗೆ ಹೋದರು. ನಾನು ಹಿಂದಿನಿಂದ, ಬಾಗಿಲ ಬಳಿ.

“ಸರ್, ಇವರು ಹೇಳಿದ್ದು ಸರಿಯಲ್ಲ. ಅದು ಅಪರೂಪದ್ದು ಅಲ್ಲ.”

“ಮತ್ತೆ?”

“ಸಾಧಾರಣ ಕಪ್ಪೆ, ಸರ್.”

“ಮತ್ತೆ ಎಂತಕ್ಕೆ ಈ ಗಲಾಟೆ?”

“ಗಲಾಟೆ ಇಲ್ಲ ಸರ್. ಐದು ದಿನ ಬೇಕು. ಮರಿ ಉದುರಿದ ಮೇಲೆ ತೊಟ್ಟಿಗೆ ನಾನೇ ಮಣ್ಣು ತುಂಬಿಸ್ತೇನೆ.”

ಇಷ್ಟು ವರ್ಷದ ನೌಕರಿಯಲ್ಲಿ ಆ ಮನುಷ್ಯ ಏನನ್ನಾದರೂ ಕೇಳಿದ್ದು ಅದೇ ಮೊದಲಂತೆ. ಆಮೇಲೆ ಆಫೀಸಿನವರು ಹೇಳಿದ್ದು. ಪ್ರಿನ್ಸಿಪಾಲರು ಕ್ಯಾಲೆಂಡರ್ ನೋಡಿದರು. “ಆಗುದಿಲ್ಲ. ಗುರುವಾರ ಪೈಂಟಿನವ ಬರ್ತಾನೆ.” ಆಮೇಲೆ ನನ್ನ ಕಡೆ ತಿರುಗಿ, “ಮಂಗಳೂರಿನ ಸ್ಪರ್ಧೆಗೆ ಈ ಸಲ ಬೇರೆಯವರನ್ನು ಕಳಿಸುವ. ನಿಮಗೆ ಸ್ವಲ್ಪ ವಿಶ್ರಾಂತಿ ಬೇಕು ಕಾಣ್ತದೆ,” ಎಂದರು.

ಹೊರಗೆ ಬಂದು ಅವರ ಮೇಲೆ ಹರಿಹಾಯ್ದೆ. “ನನ್ನ ಸ್ಪರ್ಧೆಯೂ ಹೋಯಿತು, ಗೂಡೂ ಹೋಯಿತು. ನಿಮ್ಮ ಸತ್ಯದಿಂದ ಯಾರಿಗೆ ಎಂತ ಸಿಕ್ಕಿತು?”

“ಇನ್ನೂ ಗುರುವಾರ ಆಗ್ಲಿಲ್ಲ,” ಎಂದರು.

ಬುಧವಾರ ತೊಟ್ಟಿಯ ನೀರು ಹೋಗಿ ಮಣ್ಣು ಬಂತು. ಗುರುವಾರ ಬೆಳಿಗ್ಗೆ ಪೈಂಟಿನವರು ಬಂದರು, ನಡುಪ್ರಾಯದ ಬ್ಯಾರಿ ಮುಸ್ಲಿಮರು. ಗೋಡೆ ಕೆರೆಯುತ್ತ ಕೆರೆಯುತ್ತ ನೊರೆಯ ಹತ್ತಿರ ಬಂದರು. ನಾನು ಕ್ಲಾಸು ತಪ್ಪಿಸಿ ನಿಂತಿದ್ದೆ. 

ಪೈಂಟಿನವರ ಕೈಯ ಬ್ಲೇಡು ತಾನಾಗಿ ನಿಂತಿತು.

“ಅಲ್ಲ ಮಾರಾಯ್ರೆ, ನಿಮಗೆ ಎಂತ ಬುದ್ಧಿ ಇಲ್ವಾ? ಕಪ್ಪೆ ಇಲ್ಲಿ ಗೂಡು ಇಟ್ಟಿದೆ, ನೀವು ಅಡಿಗೆ ಮಣ್ಣು ತುಂಬಿಸಿದ್ದೀರಿ! ಮರಿ ಎಲ್ಲಿಗೆ ಬೀಳುದು?”

“ನಿಮಗೆ ಇದು ಗೊತ್ತುಂಟಾ?” ಎಂದರು ಅಣ್ಣ.

“ಗೊತ್ತುಂಟಾ ಅಂದ್ರೆ? ನಮ್ಮ ಮನೆಯ ಟ್ಯಾಂಕಿಯಲ್ಲಿ ವರ್ಷ ವರ್ಷ ಇಡ್ತದೆ. ಅದು ಹೋಗುವವರೆಗೆ ಉಮ್ಮ ಟ್ಯಾಂಕಿ ತೊಳೀಲಿಕ್ಕೆ ಬಿಡುದಿಲ್ಲ.” ಕಿವಿಯ ಮೇಲಿನ ಪೆನ್ಸಿಲು ತೆಗೆದು ಗೂಡಿನ ಸುತ್ತ ಅಂಗೈಯಗಲದ ಒಂದು ಚೌಕ ಎಳೆದರು. “ಇಷ್ಟು ಬಿಡ್ತೇನೆ. ಕೇಳಿದ್ರೆ ಪೈಂಟು ಸಾಲ್ಲಿಲ್ಲ ಅಂತ ಹೇಳಿ. ಅಲ್ಲ, ಬೇಡ, ಇದ್ದದ್ದನ್ನೇ ಹೇಳಿ. ನೀರಿನ ವ್ಯವಸ್ಥೆ ಮಾತ್ರ ನಿಮ್ಮದು.”

ಅಪರೂಪದ ಜಾತಿ ಎಂದಿದ್ದರೆ ಅವರು ದೂರ ನಿಂತು ಫೋಟೊ ತೆಗೆಯುತ್ತಿದ್ದರೋ ಏನೋ. ಮನೆಯ ಟ್ಯಾಂಕಿಯದ್ದಾದ ಕಾರಣ ನೀರೆಲ್ಲಿ ಎಂದು ಕೇಳಿದರು.

ಅಣ್ಣ ಒಳಗೆ ಹೋಗಿ ಕಪಾಟು ತೆರೆದು, ಅಗಲವಾದದ್ದು ಏನಿದೆ ಎಂದು ಹುಡುಕಿ, ಹಳೆಯ ಡಿಸೆಕ್ಷನ್ ಟ್ರೇಯೊಂದನ್ನು ತಂದರು. ಅಡಿಗೆ ಕಪ್ಪು ಮೇಣ, ಮೇಣದ ತುಂಬ ಗುಂಡುಸೂಜಿಯ ತೂತುಗಳು. ತೊಳೆದು, ಕ್ರೋಟನ್ ಗಿಡಗಳ ನಡುವೆ ಮಣ್ಣಿನ ಮೇಲೆ ಮಟ್ಟಸವಾಗಿ ಇಟ್ಟು, ನೀರು ತುಂಬಿಸಿದರು.

ಶುಕ್ರವಾರ ಸಮಿತಿ ಬಂತು. ಒಬ್ಬರು ಗೋಡೆ ಮುಟ್ಟಿ ಬೆರಳಿಗೆ ಪೈಂಟು ಅಂಟಿಸಿಕೊಂಡರು. ಇನ್ನೊಬ್ಬರು ಶೌಚಾಲಯ ಎಲ್ಲಿ ಎಂದರು. ಚೌಕವನ್ನು ಪ್ರಿನ್ಸಿಪಾಲರು ಮಾತ್ರ ನೋಡಿದರು, ಅಣ್ಣನನ್ನೂ ನೋಡಿದರು, ಮುಂದೆ ನಡೆದರು.

ಶನಿವಾರ ಬೆಳಿಗ್ಗೆಯೂ ಮರಿ ಉದುರಲಿಲ್ಲ. ಮಧ್ಯಾಹ್ನ ಕಾಲೇಜು ಬಿಟ್ಟಿತು. ಭಾನುವಾರ ಅವರ ಅಮ್ಮನ ತಿಥಿ; ಬಸ್ಸು ತಪ್ಪಿಸುವ ಹಾಗಿರಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಜಗಲಿಯಲ್ಲಿ ಮೂರು ಸಲ ಆಚೀಚೆ ನಡೆದರು.

“ನಾನು ಕೂತುಕೊಳ್ತೇನೆ ಅಣ್ಣ.”

“ಮೊಬೈಲು ನೋಡ್ಲಿಕ್ಕಿಲ್ಲ.”

“ಇಲ್ಲ.”

“ಅಂದಾಜು ಹೇಳ್ಲಿಕ್ಕಿಲ್ಲ.”

“ಇಲ್ಲ ಅಣ್ಣ. ನೀವು ಹೊರಡಿ.”

ಹಾಸ್ಟೆಲಿನ ಪ್ಲಾಸ್ಟಿಕ್ ಕುರ್ಚಿ ಹಾಕಿ ಗೋಡೆಗೆ ಎದುರಾಗಿ ಕೂತೆ. ಇದಕ್ಕಿಂತ ಮೊದಲು ಒಂದು ಗಂಟೆ ಬಾಯಿ ಮುಚ್ಚಿ ಯಾವುದನ್ನೂ ನೋಡಿದವಳಲ್ಲ ನಾನು. ಮೂರು ಗಂಟೆಗೆ ಮಳೆ ಹಿಡಿಯಿತು. ಜಗಲಿಗೆ ಎರಚಲು ಬಡಿಯಿತು. ನೊರೆಯ ಅಡಿಭಾಗ ಮಂಕಾಗಿ, ಜೋತು, ಒಂದು ಹನಿಯ ಆಕಾರಕ್ಕೆ ಬಂತು. ಹನಿಯೊಳಗೆ ಏನೋ ಮಿಸುಕಿತು. ಹನಿ ಉದ್ದವಾಯಿತು, ಬಿತ್ತು. ಟ್ರೇಯ ಕಪ್ಪು ಮೇಣದ ಮೇಲೆ ಒಂದು ಬಿಳಿಚು ಗೀರು ಒಂದು ಕ್ಷಣ ಸುಮ್ಮನಿದ್ದು, ಬಾಲ ಆಡಿಸಿ, ಹೊರಟುಹೋಯಿತು.

ಫೋನು ಹಚ್ಚಿದೆ.

“ಅಣ್ಣಾ, ಬೀಳ್ತಾ ಉಂಟು!”

“ನೋಡಿದ್ದಾ?” ಬಸ್ಸಿನ ಗದ್ದಲದೊಳಗಿಂದ ಕೇಳಿದರು.

“ನೋಡಿದ್ದು. ನೋಡ್ತಾ ಇದ್ದೇನೆ. ಇಕೊಳ್ಳಿ, ಇನ್ನೊಂದು!”

“ಹತ್ತಿರ ಹಿಡಿಯಿರಿ.”

ಫೋನನ್ನು ಟ್ರೇಯ ಅಂಚಿಗೆ ಹಿಡಿದು ಮೊಣಕಾಲೂರಿ ಕೂತೆ. ಟಪ್. ಆಮೇಲೆ ಬಹಳ ಹೊತ್ತು ಏನಿಲ್ಲ. ಟಪ್, ಟಪ್. ಮಳೆಯ ನಡುವೆ ಅದು ಅವರಿಗೆ ಕೇಳಿಸಿತೋ ಇಲ್ಲವೋ ನನಗೆ ಗೊತ್ತಿಲ್ಲ. ಅತ್ತ ಕಂಡಕ್ಟರ್ “ಪಂಜ, ಪಂಜ, ಇಳೀಲಿಕ್ಕೆ ಇದ್ದವರು ಬನ್ನಿ” ಎಂದು ಕೂಗುವುದು, ಬಾಗಿಲು ಬಡಿಯುವುದು, ಬಸ್ಸು ಮತ್ತೆ ಹೊರಡುವುದು ನನಗೆ ಕೇಳಿಸುತ್ತಿತ್ತು. ಅವರ ಉಸಿರೂ ಕೇಳಿಸುತ್ತಿತ್ತು. ಅವರು ಫೋನು ಇಡಲಿಲ್ಲ. ಘಟ್ಟದ ಹತ್ತಿರ ನೆಟ್‌ವರ್ಕ್ ಹೋಗುವವರೆಗೆ ನಾವಿಬ್ಬರೂ ಹಾಗೆಯೇ ಇದ್ದೆವು.

ಸೋಮವಾರ ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಟ್ರೇಯ ಮುಂದೆ ಅವರು ಕುಕ್ಕರುಗಾಲಿನಲ್ಲಿ ಕೂತಿದ್ದರು, ಪಕ್ಕದಲ್ಲಿ ಪ್ರಿನ್ಸಿಪಾಲರು ಪಂಚೆ ಎತ್ತಿ ಬಗ್ಗಿ ನಿಂತಿದ್ದರು. “ಇದು ನಮ್ಮ ಮನೆಯ ಬಚ್ಚಲಲ್ಲೂ ಉಂಟು ಮಾರಾಯ್ರೆ,” ಎನ್ನುತ್ತಿದ್ದರು ಪ್ರಿನ್ಸಿಪಾಲರು, ಯಾರೋ ತಮಗೆ ಸುಳ್ಳು ಹೇಳಿದ್ದರೆಂಬ ಹಾಗೆ. ಮರಿಗಳನ್ನು ಅಣ್ಣ ಕಾಲೇಜಿನ ಹಿಂದಿನ ಕೆರೆಗೆ ಬಿಟ್ಟು ಬಂದರು. ಮಂಗಳೂರಿನ ಸ್ಪರ್ಧೆಗೆ ಬೇರೆಯವರೇ ಹೋದರು. ಅದಕ್ಕೆ ಈಗಲೂ ಸ್ವಲ್ಪ ಹೊಟ್ಟೆಯುರಿ ಇದೆ. ಇಲ್ಲವೆಂದರೆ ಅವರು ನಂಬಲಿಕ್ಕಿಲ್ಲ.

ನಾನೀಗ ದರ್ಬೆಯಲ್ಲೇ ಒಂದು ಬಾಡಿಗೆ ಮನೆಯಲ್ಲಿದ್ದೇನೆ. ಅವರು ತೀರಿಕೊಂಡ ಸುದ್ದಿ ಬಂದು ಮೂರು ವಾರವಾಗಿತ್ತು. ಮೊನ್ನೆ ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಬಳಿ ಮಾಲಕಿ ಆಂಟಿಯ ಬೊಬ್ಬೆ ಕೇಳಿ ಹೊರಗೆ ಬಂದೆ. ನೀಲಿ ಡ್ರಮ್ಮಿನ ಒಳಬದಿಯಲ್ಲಿ, ನೀರಿಗಿಂತ ಒಂದು ಗೇಣು ಮೇಲೆ, ಬಿಳಿ ನೊರೆ.

“ಎಂತ ಕೊಳಕು ಇದು! ಫಿನಾಯಿಲು ಹಾಕಿ ತಿಕ್ಕಬೇಕು.”

ಘಟ್ಟದ ಅಪರೂಪದ ಜಾತಿ, ಆಂಟಿ, ಮನೆಗೆ ಅದೃಷ್ಟ ಎಂದಿದ್ದರೆ ಅವರು ಬಹುಶಃ ಅದಕ್ಕೆ ಕುಂಕುಮವನ್ನೇ ಇಡುತ್ತಿದ್ದರು. ಮಾತು ನಾಲಿಗೆಯ ತುದಿಗೆ ಬಂದಿತ್ತು.

“ಸಾಧಾರಣ ಕಪ್ಪೆ ಆಂಟಿ,” ಎಂದೆ. “ಮರಿ ಉಂಟು ಅದರಲ್ಲಿ. ಐದು ದಿನ ಬಿಡಿ.”

ಆಂಟಿ ನನ್ನನ್ನೊಮ್ಮೆ, ಡ್ರಮ್ಮನ್ನೊಮ್ಮೆ ನೋಡಿದರು. “ಬಟ್ಟೆಗೆ ನೀರು?”

“ಒಳಗಿನಿಂದ ನಾನು ಹೊತ್ತು ತಂದುಕೊಡ್ತೇನೆ.”

“ಐದು ಅಂದ್ರೆ ಐದೇ ದಿನ ಆಯ್ತಾ?” ಎಂದು ಫಿನಾಯಿಲಿನ ಬಾಟಲಿ ತೆಗೆದುಕೊಂಡು ಒಳಗೆ ಹೋದರು. ಹೋಗುವಾಗ ಬಾಗಿಲನ್ನು ದಡಾರೆಂದು ಎಳೆಯಲು ಹೊರಟಿದ್ದರು; ತಡೆದು ನಿಲ್ಲಿಸಿ ಸಂದಿ ನೋಡಿದೆ. ಏನೂ ಇರಲಿಲ್ಲ.

ಇವತ್ತು ಗುರುವಾರ. ಶನಿವಾರ ಉದುರಬಹುದು. ಇದು ಅಂದಾಜು, ನೋಡಿದ್ದಲ್ಲ.